ಮೊದಲು ಇಲಿ, ಆಮೇಲೆ ನೀರು

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಹುಬ್ಬಳ್ಳಿ ಕಡೆಯಿಂದ ಬಂದಿದ್ದ, ರೈಲ್ವೆ ಅಧಿಕಾರಿಯೊಬ್ಬರ ಮನೆಯಾಳು ಅಲ್ಲಿ ಅದಕ್ಕೆ ಮೊದಲು ತುತ್ತಾದವ ಎನ್ನುತ್ತವೆ ಆ ಕಾಲದ ದಾಖಲೆಗಳು. ಅವನು ಬಂದ ರೈಲುದಾರಿ ಹರಿಹರ, ಅರಸೀಕೆರೆ ದಾಟಿ ತಿಪಟೂರು, ಗುಬ್ಬಿ, ತುಮಕೂರಿನ ಮೇಲೇ ಹಾಯುತ್ತದೆ. ಕೆಲವೇ ವರ್ಷಗಳ ಹಿಂದೆ ಪೂರ್ತಿಯಾಗಿದ್ದ ಆ ಹಳಿಯ ಮೇಲೆ ತಿಪಟೂರಿನ ಕೊಬ್ಬರಿ ಉತ್ತರಕ್ಕೆ ಹೋಗುತ್ತಿತ್ತು. 1896ರಲ್ಲಿ ಬೊಂಬಾಯಿಗೆ ಬಂದ ಮಾರಿ ಅದೇ ಹಳಿ ಹಿಡಿದು ದಕ್ಷಿಣಕ್ಕೆ ಇಳಿಯಿತು.

ಪ್ಲೇಗಿಗೆ ಇಲಿ ಬೇಕು. ಇಲಿಗೆ ತೆಂಗಿನ ಸೀಮೆಯ ಮನೆಗಿಂತ ಒಳ್ಳೆಯ ತಾಣ ಇನ್ನೆಲ್ಲಿದ್ದೀತು?

ಉಂಡೆ ಕೊಬ್ಬರಿ ಆಗುವುದು ಬಿಸಿಲಲ್ಲಿ ಅಲ್ಲ, ಅಟ್ಟದಲ್ಲಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಇಡೀ ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ. ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗುಡುಗುಡು ಎಂದರೆ ಕೊಬ್ಬರಿ ಕೂತಿತು ಎಂದು ಲೆಕ್ಕ. ಕೆಳಗೆ ಒಲೆಯ ಹೊಗೆ, ಪಕ್ಕದಲ್ಲಿ ದನದ ಕೊಟ್ಟಿಗೆ, ಮೂಲೆಯಲ್ಲಿ ರಾಗಿ, ತಲೆಯ ಮೇಲೆ ವರ್ಷದ ಆದಾಯ. ಇಲಿಯ ಪಾಲಿಗೆ ಅದು ಅರಮನೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ರೈಲು ಪ್ರಯಾಣಿಕರ ತಪಾಸಣೆ, ರೋಗಿಯನ್ನು ಮನೆಯಿಂದ ಬೇರ್ಪಡಿಸುವುದು, ಮನೆಗಳಿಗೆ ಔಷಧಿ ಹೊಡೆಸುವುದು ಆದ್ಯತೆಯ ಕೆಲಸಗಳಾದವು. ಜನ ಸುಮ್ಮನೆ ಒಪ್ಪಲಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ದೊಡ್ಡ ಗಲಭೆಯೇ ಆಯಿತು. ಹೆಂಡತಿಯನ್ನೋ ಮಗುವನ್ನೋ ಯಾವುದೋ ಶೆಡ್ಡಿಗೆ ಹೊತ್ತೊಯ್ಯುವ ಸರ್ಕಾರಿ ಆಳನ್ನು ಕಂಡರೆ ರೋಗಕ್ಕಿಂತ ಹೆಚ್ಚು ಭಯ.

ಹಳ್ಳಿಗಳಿಗೆ ತಮ್ಮದೇ ಉಪಾಯವೊಂದು ಗೊತ್ತಿತ್ತು. 'ಇಲಿ ಬಿತ್ತು' ಎಂಬ ಸುದ್ದಿ ಬಂದರೆ ಸಾಕು, ಊರು ಖಾಲಿ. ಊರಾಚೆ ಹೊಲದಲ್ಲೋ ತೋಟದಲ್ಲೋ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ಹಳೇ ಮೈಸೂರಿನ ಉದ್ದಗಲಕ್ಕೂ ರೂಢಿಯಾಯಿತು. ತೆಂಗಿನ ಗರಿಗೆ ಬರವಿಲ್ಲದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿಗೆ ಸೂರು ಕಟ್ಟುವುದು ಕಷ್ಟವೇನಲ್ಲ. ಕಷ್ಟವೆಂದರೆ ಅಟ್ಟದ ಕಾಯಿಯನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟು ಬರುವುದು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ತೋರಿಸಿದ್ದರೂ ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಅಷ್ಟರೊಳಗೆ ಊರು ಬಿಡಿಸುವುದೇ ಹೆಚ್ಚು ಫಲ ಕೊಡುವ ಕ್ರಮ ಎಂಬುದನ್ನು ಸರ್ಕಾರವೂ ಕಂಡುಕೊಂಡಿತ್ತು. ಯಾವ ಕೆಲಸ ಮೊದಲು ಎಂಬ ಪ್ರಶ್ನೆಗೆ ಹಳ್ಳಿಯವರ ಉತ್ತರವೇ ಸರಿಯಾಗಿದ್ದ ಅಪರೂಪದ ಪ್ರಸಂಗವಿದು. ಪ್ಲೇಗಮ್ಮನಿಗೆ ಗುಡಿ ಕಟ್ಟಿದವರೂ ಅವರೇ ಎಂದು ನಗುವವರು ಇದನ್ನೂ ನೆನೆಯಬೇಕು.

ಏನು ಮೊದಲು, ಏನು ಆಮೇಲೆ ಎಂಬ ಮುಂದಿನ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಮೇಲಿನಿಂದಲೇ ಇಳಿದು ಬಂದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಗ್ರಾಮಾಭ್ಯುದಯದ ಯೋಜನೆ ಬಂತು. ಊರಿನ ಸಮಿತಿ, ಊರವರ ಶ್ರಮ, ಬಾವಿ, ರಸ್ತೆ ಎಂದು ಕಾಗದದ ಮೇಲಂತೂ ಚೆನ್ನಾಗಿತ್ತು. 1930ರ ಆಸುಪಾಸಿನಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. ನಾಲೆ ಬಂದಲ್ಲಿ ಮಲೇರಿಯಾ ಬರುತ್ತಿದ್ದುದರಿಂದ ಗಮನವೂ ಹಣವೂ ಆ ಕಡೆಗೆ ಹರಿದವು. ಮಳೆ, ಕೆರೆಗಳನ್ನೇ ನಂಬಿದ್ದ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳ ಕಷ್ಟ ಬೇರೆ ಥರದ್ದು: ಕುಡಿಯಲು ನೀರು.

ಆ ನೀರನ್ನು ಪಟ್ಟಿಯ ಮೊದಲ ಸಾಲಿಗೆ ತಂದವರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಸಚಿವರಾಗಿ ಅವರು ಹಳ್ಳಿಹಳ್ಳಿಗೂ ಕೊಳವೆಬಾವಿ, ಕೈಪಂಪು ಹಾಕಿಸಿದರು. ಜನ 'ನೀರ್ ಸಾಬ್' ಎಂದು ಕರೆದದ್ದು ಸುಮ್ಮನೆ ಅಲ್ಲ. ಅವರೇ ತಂದ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆದು, ಊರಿಗೆ ಏನು ಬೇಕು ಎನ್ನುವ ಮಾತಿಗೆ ಸ್ಥಳೀಯ ದನಿ ಸಿಕ್ಕಿತು. ತೆರೆದ ಬಾವಿ, ಕಲ್ಯಾಣಿಯ ನೀರಿನಿಂದ ಬರುತ್ತಿದ್ದ ವಾಂತಿಭೇದಿಗೆ ಕೈಪಂಪು ದೊಡ್ಡ ಮದ್ದಾಯಿತು.

ಆದರೆ ಆಳದ ನೀರಿನಲ್ಲಿ ಫ್ಲೋರೈಡ್ ಇತ್ತು. ತುಮಕೂರು ಜಿಲ್ಲೆ ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯುತ್ತ ಬೆಳೆದ ಮಕ್ಕಳ ಹಲ್ಲು ಕಂದುತ್ತದೆ. ವರ್ಷಾನುಗಟ್ಟಲೆ ಕುಡಿದವರ ಕೀಲು, ಬೆನ್ನು ಬಿಗಿಯುತ್ತವೆ. ತೆಂಗು ಉಳಿಸಲು ತೋಟತೋಟಕ್ಕೂ ಬೋರ್ ಕೊರೆಸಿದಂತೆ ಅಂತರ್ಜಲ ಕೆಳಗಿಳಿಯಿತು. ಇದರಲ್ಲಿ ನಜೀರ್ ಸಾಬರ ತಪ್ಪು ಹುಡುಕುವುದು ಅನ್ಯಾಯ. ಅಂದು ಬೇಕಿದ್ದದ್ದು ನೀರು, ಅದನ್ನು ಅವರು ಕೊಟ್ಟರು. ಕೊಟ್ಟ ನೀರನ್ನು ಮತ್ತೆ ಮತ್ತೆ ಪರೀಕ್ಷಿಸುವ ಕೆಲಸ ಮಾತ್ರ ಯಾರ ಪಟ್ಟಿಯಲ್ಲೂ ಮೇಲಕ್ಕೆ ಬರಲಿಲ್ಲ. ಆಮೇಲೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ಯಂತ್ರ ಕೆಟ್ಟರೆ ರಿಪೇರಿ ಯಾರದು ಎಂಬ ಜಗಳ ತುಂಬುತ್ತದೆ. ತಿಪಟೂರು ಪಟ್ಟಣಕ್ಕೆ ಈಚನೂರು ಕೆರೆಯಿಂದ ಹೇಮಾವತಿ ನೀರಿನ ಆಸರೆಯಾಯಿತು.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆದ್ಯತೆ ಗೊತ್ತುಮಾಡುವ ಹಕ್ಕನ್ನು ಮತ್ತೆ ಊರಿಗೇ ಕೊಟ್ಟಿತು. ಅದಕ್ಕಾಗಿ ಬಂದದ್ದು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ. ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆಯರು ಅದರಲ್ಲಿರುತ್ತಾರೆ. ಅದರ ಕೈಗೆ ಕೊಟ್ಟದ್ದು ವರ್ಷಕ್ಕೆ 10,000 ರೂಪಾಯಿ. ಅದರಲ್ಲಿ ಚರಂಡಿಗೆ ಬ್ಲೀಚಿಂಗ್ ಪೌಡರು ಹಾಕಬಹುದು, ಊರಿನ ಆರೋಗ್ಯದ ಯೋಜನೆ ಕಟ್ಟಲಾಗದು. ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಯೋಜನೆ ತಯಾರಿಸುವ ತರಬೇತಿ ಕೊಟ್ಟಿತು. ತರಬೇತಿ ಒಂದೇ, ಆದರೂ ತಾಲ್ಲೂಕಿನಿಂದ ತಾಲ್ಲೂಕಿಗೆ ಫಲ ಬೇರೆಬೇರೆ. ಕಲಿತವರಿಗೆ ಕಚೇರಿ ಎಷ್ಟು ಸ್ವಾತಂತ್ರ್ಯ ಕೊಡುತ್ತದೆ ಎನ್ನುವುದರ ಮೇಲೂ ಅದು ನಿಂತಿರುತ್ತದಲ್ಲ.

ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಡೆಂಗಿ ಕರಪತ್ರ ನೋಡಿ. ತೆಂಗಿನ ಚಿಪ್ಪು, ಹಳೇ ಟೈರಿನಲ್ಲಿ ಮಳೆನೀರು ನಿಲ್ಲಲು ಬಿಡಬೇಡಿ ಎನ್ನುತ್ತದೆ ಅದು. ಬೆಂಗಳೂರಿನ ಮನೆಯಲ್ಲಿ ಎರಡು ಚಿಪ್ಪು ಕವುಚಿ ಹಾಕುವುದು ಸುಲಭ. ಕಾಯಿ ಸುಲಿದು ಒಡೆಯುವುದೇ ಕಸುಬಾದ ತಿಪಟೂರು ಸುತ್ತಿನಲ್ಲಿ ಚಿಪ್ಪು ಇದ್ದಿಲಿಗೆ ಹೋಗುವವರೆಗೆ, ಮಟ್ಟೆ ನಾರಿನ ಫ್ಯಾಕ್ಟರಿಗೆ ಹೋಗುವವರೆಗೆ ರಾಶಿ ಬಿದ್ದಿರುತ್ತದೆ. ಅಲ್ಲಿಗೆ ಬೇಕಿರುವುದು ಉಪದೇಶವಲ್ಲ, ಮಳೆಗಾಲಕ್ಕೆ ಮುಂಚೆ ರಾಶಿ ಎತ್ತಿಸುವ, ಇಲ್ಲವೇ ಮುಚ್ಚಿಸುವ ಏರ್ಪಾಡು. ಚಿಕ್ಕನಾಯಕನಹಳ್ಳಿಯ ಗಣಿ ಸೀಮೆಯ ಕೂಗು ಮತ್ತೊಂದು: ಅದಿರಿನ ಕೆಂಪು ಧೂಳು. 2011ರಲ್ಲಿ ಅಲ್ಲಿ ಗಣಿಗಾರಿಕೆಗೆ ತಡೆ ಬಿದ್ದದ್ದು ಸುಪ್ರೀಂ ಕೋರ್ಟಿನಿಂದಲೇ ಹೊರತು ಯಾವ ಆರೋಗ್ಯ ಸಮಿತಿಯ ನಿರ್ಣಯದಿಂದಲೂ ಅಲ್ಲ.

ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಸಿಸಿ ರಸ್ತೆ, ಹೈಮಾಸ್ಟ್ ದೀಪದ ಪಟ್ಟಿ ಓದುವುದಕ್ಕೆ ಮೊದಲು ಊರಿನ ಪ್ರತಿ ಕೊಳವೆಬಾವಿಯ ನೀರು ಪರೀಕ್ಷೆಯ ವರದಿಯನ್ನು ಎಲ್ಲರೆದುರು ಓದಿಸಿ ಎಂದು ಈ ಮೂರು ತಾಲ್ಲೂಕಿನ ಜನ ಮುಂದಿನ ಸಭೆಯಲ್ಲಿ ಪಟ್ಟು ಹಿಡಿದು ಕೇಳಲಿ.