ಹಾಡು ಕಟ್ಟಿದವರ ಹೆಸರು

ಬಾನುಲಿಯಲ್ಲಿ ಭಾವಗೀತೆಗಳನ್ನು ಕೇಳುವ ಅಭ್ಯಾಸವಿದ್ದವರಿಗೆ ಒಂದು ಸಂಪ್ರದಾಯ ಚೆನ್ನಾಗಿ ಪರಿಚಿತ. ಹಾಡು ಮೊದಲಾಗುವ ಮುನ್ನ ಉದ್ಘೋಷಕರು ಮೂರು ಹೆಸರುಗಳನ್ನು ಹೇಳುತ್ತಾರೆ: ರಚನೆ ಇಂಥವರದು, ರಾಗಸಂಯೋಜನೆ ಇಂಥವರದು, ಹಾಡುತ್ತಿರುವವರು ಇಂಥವರು. ಕೆಲವೇ ಕ್ಷಣಗಳ ಈ ಮಾತಿಗೆ ನಾವು ಹೆಚ್ಚು ಕಿವಿಗೊಡುವುದಿಲ್ಲ. ಆದರೆ ಕನ್ನಡದ ಹಾಡಿನ ಚರಿತ್ರೆಯನ್ನು ಬರೆಯಹೊರಟವನಿಗೆ ಆ ಮೂರು ಹೆಸರುಗಳೇ ದೊಡ್ಡ ಆಧಾರ. ಹಾಡಿದವರ ಹೆಸರು ಹೇಗೋ ಉಳಿಯುತ್ತದೆ. ಕಂಠವೇ ಅದರ ಗುರುತು. ಪದ ಕಟ್ಟಿದವರು ಮತ್ತು ಧಾಟಿ ಕಟ್ಟಿದವರು, ಇವರಿಬ್ಬರ ಹೆಸರು ಉಳಿಯಬೇಕಾದರೆ ಮಾತ್ರ ಯಾರಾದರೂ ಹೇಳಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು, ಹಾಡು ಕಟ್ಟಿದವರು ಹೇಗೆ ಬಾಳಿದರು, ಹೇಗೆ ಕಟ್ಟಿದರು, ಅವರ ಹೆಸರಿಗೆ ಏನಾಯಿತು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಈ ನಾಲ್ಕೂ ತಾಲ್ಲೂಕುಗಳು ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ. ೧೯೯೭ರಲ್ಲಿ ಆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಚೆಗೆ ತಾಲ್ಲೂಕಾಯಿತು. ಒಂದು ಕಡೆ ತುಂಗಭದ್ರೆಯ ದಂಡೆ, ಒಂದು ಕಡೆ ಸೂಳೆಕೆರೆಯ ಅಚ್ಚುಕಟ್ಟು, ಇನ್ನೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಬಯಲು. ಮಲೆನಾಡಿನ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ನೆಲ ಇದು.

ಜಗಳೂರಿನಿಂದ ಮೊದಲುಮಾಡೋಣ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಮಹಲಿಂಗರಂಗನನ್ನು ಆ ಊರು ತನ್ನ ಕವಿಯೆಂದು ನೆನೆಯುತ್ತದೆ. ಅವನ 'ಅನುಭವಾಮೃತ' ಅದ್ವೈತವನ್ನು ಕನ್ನಡದಲ್ಲಿ ಹೇಳಿದ ಕೃತಿ. ಕನ್ನಡದ ಸೌಲಭ್ಯವನ್ನು ಅವನು ಸುಲಿದಿಟ್ಟ ಬಾಳೆಯ ಹಣ್ಣಿಗೆ ಹೋಲಿಸಿದ್ದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ನಾನಿಲ್ಲಿ ಒತ್ತಿ ಹೇಳಬೇಕಾದುದು ಬೇರೆ. ಆ ಕೃತಿ ಭಾಮಿನೀ ಷಟ್ಪದಿಯಲ್ಲಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು: ಇದು ಕಣ್ಣಿನಿಂದ ಓದುವ ಛಂದಸ್ಸಲ್ಲ, ಬಾಯಿಬಿಟ್ಟು ಹಾಡುವ ಛಂದಸ್ಸು. ತರಗತಿಯಲ್ಲಿ ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ ತೋರಿಸಿದಾಗ ಅರ್ಥವಾಗದ ವಿದ್ಯಾರ್ಥಿಗಳಿಗೆ, ಅದೇ ಪದ್ಯವನ್ನು ಕೈತಾಳ ಹಾಕಿ ಹಾಡಿದಾಗ ಒಡನೆಯೇ ತಿಳಿಯುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಕಾಲದ ಕವಿ ಪದವನ್ನು ಬರೆಯುವಾಗಲೇ ತಾಳವನ್ನೂ ಒಳಗಿಟ್ಟು ಬರೆಯುತ್ತಿದ್ದ. ರಾಗವನ್ನು ಆರಿಸಿಕೊಳ್ಳುವುದು ಗಮಕಿಗೆ ಸೇರಿದ ಸ್ವಾತಂತ್ರ್ಯ.

ಅಂದಿನವರು ತಮ್ಮ ಹೆಸರನ್ನು ಉಳಿಸಿಕೊಂಡ ಬಗೆಯೂ ಸ್ವಾರಸ್ಯವಾದುದು. ವಚನಕಾರರಿಗೆ ಅಂಕಿತವಿತ್ತು, ಹರಿದಾಸರಿಗೆ ಮುದ್ರಿಕೆಯಿತ್ತು. ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಪುರಂದರವಿಠಲ ಎಂದೊಡನೆ ಪುರಂದರದಾಸರು. ದೇವರ ಹೆಸರಿನ ಮರೆಯಲ್ಲಿ ಕರ್ತೃವಿನ ಗುರುತು ಹಾಡಿನ ಹೊಲಿಗೆಯೊಳಗೇ ಸೇರಿಕೊಂಡಿತ್ತು. ಹಾಡು ಎಷ್ಟು ಬಾಯಿಗಳನ್ನು ದಾಟಿ ಹೋದರೂ ಅದನ್ನು ಬಿಡಿಸಿ ತೆಗೆಯುವುದು ಸುಲಭವಾಗಿರಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಪರಂಪರೆ ನ್ಯಾಮತಿಯ ಕಡೆ ಇದೆ. ಅಲ್ಲಿಯ ಸೂರಗೊಂಡನಕೊಪ್ಪ ಬಂಜಾರ ಸಮುದಾಯದವರಿಗೆ ಪುಣ್ಯಕ್ಷೇತ್ರ. ೧೭೩೯ರಲ್ಲಿ ಸಂತ ಸೇವಾಲಾಲರು ಅಲ್ಲಿ ಜನಿಸಿದರೆಂದು ಅವರ ನಂಬಿಕೆ. ಪ್ರತಿವರ್ಷ ಫೆಬ್ರವರಿಯಲ್ಲಿ ದೂರದ ತಾಂಡಾಗಳಿಂದ ಜನ ಅಲ್ಲಿಗೆ ಬಂದು ಸೇರುತ್ತಾರೆ. ಹೋಳಿಯ ಲೇಂಗಿ ಹಾಡುಗಳು, ತೀಜ್ ಹಬ್ಬದ ಹಾಡುಗಳು, ಮದುವಣಗಿತ್ತಿ ತವರನ್ನು ಬಿಡುವಾಗ ಅತ್ತುಕೊಂಡು ಹಾಡುವ ಢಾವಲೋ, ಇವೆಲ್ಲ ಲಂಬಾಣಿ ಹೆಂಗಸರ ಕಂಠದಲ್ಲಿ ಬೆಳೆದುಬಂದವು. ಇವುಗಳಲ್ಲಿ ಅಂಕಿತವಿಲ್ಲ. ಕಟ್ಟಿದವಳು ಯಾರು ಎಂದು ಕೇಳಿದರೆ ಅಜ್ಜಿಯಿಂದ ಕಲಿತೆವು ಎನ್ನುತ್ತಾರೆ. ಹೆಸರಿಲ್ಲದ ಹಾಡೆಂದರೆ ಕರ್ತೃವಿಲ್ಲದ ಹಾಡೆಂದು ನಾವು ಭಾವಿಸಬಾರದು. ಪ್ರತಿಯೊಂದು ಸಾಲನ್ನೂ ಯಾವಳೋ ಒಬ್ಬಳು ಮೊದಲ ಸಲ ಹಾಡಿರಲೇಬೇಕು. ಅವಳ ಹೆಸರನ್ನು ಕೇಳಿ ಬರೆದುಕೊಳ್ಳುವ ಏರ್ಪಾಡು ಇರಲಿಲ್ಲ, ಅಷ್ಟೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಈ ಸೀಮೆಯ ನಂಟಿರುವ ಇಬ್ಬರು ಕವಿಗಳ ಹಾಡುಗಳು ಕಳೆದ ಅರ್ಧ ಶತಮಾನದಲ್ಲಿ ಕನ್ನಡಿಗರ ಮನೆಮನೆಯನ್ನು ಮುಟ್ಟಿದವು. ಒಬ್ಬರು ಜಿ. ಎಸ್. ಶಿವರುದ್ರಪ್ಪನವರು. ೧೯೨೬ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಹುಟ್ಟಿದ ಅವರು, ಉಪಾಧ್ಯಾಯರಾಗಿದ್ದ ತಂದೆಯವರೊಡನೆ ಊರೂರು ಸುತ್ತುತ್ತ, ಹೊನ್ನಾಳಿ, ಕೋಟೆಹಾಳು ಮೊದಲಾದ ಕಡೆ ಬಾಲ್ಯದ ಶಿಕ್ಷಣ ಪಡೆದರು. ಇನ್ನೊಬ್ಬರು ಎಚ್. ಎಸ್. ವೆಂಕಟೇಶಮೂರ್ತಿಯವರು. ಅವರು ಹುಟ್ಟಿದ್ದು ೧೯೪೪ರಲ್ಲಿ, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊದಿಗೆರೆ ಶಿವಾಜಿಯ ತಂದೆ ಷಾಹಜಿಯ ಸಮಾಧಿಯಿಂದ ಪರಿಚಿತ. ಕಾವ್ಯದ ಓದುಗರಿಗೆ ವೆಂಕಟೇಶಮೂರ್ತಿಯವರಿಂದ.

ಇವರಿಬ್ಬರೂ ವೃತ್ತಿಯಿಂದ ಕನ್ನಡದ ಅಧ್ಯಾಪಕರು. ಶಿವರುದ್ರಪ್ಪನವರು ಮೈಸೂರು, ಉಸ್ಮಾನಿಯಾ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ವೆಂಕಟೇಶಮೂರ್ತಿಯವರು ಮಲ್ಲಾಡಿಹಳ್ಳಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದು, ಆಮೇಲೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನಲ್ಲಿ ಸುಮಾರು ಮೂರು ದಶಕ ದುಡಿದರು. ಶಿವರುದ್ರಪ್ಪನವರನ್ನು ಅವರು ತಮ್ಮ ಗುರುಗಳೆಂದು ಗೌರವಿಸಿದವರು. ಗುರುಗಳಿಗೆ ೨೦೦೬ರಲ್ಲಿ ರಾಷ್ಟ್ರಕವಿ ಗೌರವ ಸಂದಿತು. ಶಿಷ್ಯರು ೨೦೨೦ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೨೦೧೩ರಲ್ಲಿ ಗುರುಗಳೂ ೨೦೨೫ರಲ್ಲಿ ಶಿಷ್ಯರೂ ನಮ್ಮನ್ನಗಲಿದರು.

ಇವರ ಕವಿತೆಗಳು ಹಾಡಾದುದು ಹೇಗೆ? ಇಲ್ಲಿ ರಾಗಸಂಯೋಜಕರ ಪ್ರವೇಶವಾಗುತ್ತದೆ. ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ಊರೂರಿನ ವೇದಿಕೆಗೆ ತಂದರು. ಅವರ ಹಾದಿಯನ್ನು ವಿಸ್ತರಿಸಿದವರು ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಈ ಕಲೆಗೆ ದೊಡ್ಡ ಆಸರೆಯಾಯಿತು. ೧೯೬೫ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಬಂದಮೇಲೆ ಹೊನ್ನಾಳಿ, ಚನ್ನಗಿರಿಗಳ ಹಳ್ಳಿಗಳಲ್ಲೂ ಸಂಜೆಯ ಹೊತ್ತು ಭಾವಗೀತೆ ಕೇಳಿಬರತೊಡಗಿತು. ೧೯೭೮ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಧ್ವನಿಸುರುಳಿಯಾಗಿ ಹೊರಬಂದಿತು. ಅಲ್ಲಿಂದಾಚೆಗೆ ಕವಿಯ ಪುಸ್ತಕವನ್ನು ಕೊಳ್ಳದವರೂ ಅವನ ಕವಿತೆಯನ್ನು ಕೊಂಡು ಮನೆಗೊಯ್ಯುವಂತಾಯಿತು.

ಸಂಯೋಜಕನ ಕೆಲಸ ಕವಿತೆಗೆ ರಾಗವನ್ನು ತೊಡಿಸುವುದಷ್ಟೇ ಎಂದು ತಿಳಿದವರಿದ್ದಾರೆ. ವಾಸ್ತವವಾಗಿ ಅವನು ಕವಿತೆಯ ಮೊದಲ ವಿಮರ್ಶಕ. ಆರು ಪದ್ಯಗಳ ಕವಿತೆಯಲ್ಲಿ ಮೂರನ್ನು ಆರಿಸಿಕೊಂಡು ಮೂರನ್ನು ಬಿಡುತ್ತಾನೆ. ಎರಡು ಸಾಲನ್ನು ಪಲ್ಲವಿಯೆಂದು ಗೊತ್ತುಮಾಡಿ ಮತ್ತೆ ಮತ್ತೆ ಅದಕ್ಕೆ ಮರಳುತ್ತಾನೆ. ಯಾವ ಪದದ ಮೇಲೆ ನಿಲ್ಲಬೇಕು, ಯಾವುದನ್ನು ಹಗುರವಾಗಿ ದಾಟಬೇಕು ಎಂದು ತೀರ್ಮಾನಿಸುತ್ತಾನೆ. ಇದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಶಿವರುದ್ರಪ್ಪನವರಂಥ ಕವಿಯಲ್ಲಿ ಭಾವದ ಹಿಂದೆಯೇ ಒಂದು ವಿಚಾರ ಬರುತ್ತದೆ, ಪ್ರಶ್ನೆಯೊಂದು ತಲೆಯೆತ್ತುತ್ತದೆ. ಹಾಡು ಭಾವವನ್ನು ಎತ್ತಿ ಹಿಡಿದಷ್ಟು ಸುಲಭವಾಗಿ ವಿಚಾರವನ್ನು ಎತ್ತಿ ಹಿಡಿಯಲಾರದು. ಬಿಟ್ಟ ಪದ್ಯದಲ್ಲೇ ಎಷ್ಟೋ ಸಲ ಆ ಪ್ರಶ್ನೆ ಉಳಿದುಬಿಡುತ್ತದೆ. ಆದ್ದರಿಂದ ಹಾಡನ್ನು ಕೇಳಿ ಮೆಚ್ಚಿದವರು ಪುಸ್ತಕವನ್ನು ತೆರೆದು ಇಡೀ ಕವಿತೆಯನ್ನು ಓದಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಓದುವುದಕ್ಕೆ ಕವಿಯ ಹೆಸರು ಗೊತ್ತಿರಬೇಕಷ್ಟೆ!

ವೆಂಕಟೇಶಮೂರ್ತಿಯವರ ದಾರಿ ಸ್ವಲ್ಪ ಬೇರೆ. ಓದುವ ಕವಿತೆಯನ್ನು ಬರೆದಂತೆಯೇ, ಹಾಡಲೆಂದೇ ಹಾಡನ್ನೂ ಅವರು ಬರೆದರು. ರಾಧೆ, ಕೃಷ್ಣ, ಕೊಳಲು, ತೂಗುಮಂಚ ಇಂಥ ಹಳೆಯ ಸಾಮಗ್ರಿಯಿಂದಲೇ ಹೊಸ ಮನೆ ಕಟ್ಟಿದರು. ಅವರ ಹಾಡಿನ ಸಾಲುಗಳ ಕೊನೆಯನ್ನು ಗಮನಿಸಿ. ಗಾಯಕನು ಉಸಿರು ಹಿಡಿದು ನಿಲ್ಲಲು ಅನುಕೂಲವಾಗುವ ದೀರ್ಘಸ್ವರಗಳು ಅಲ್ಲಿ ಕಾದಿರುತ್ತವೆ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳು ಅವರ ಕೈಯಲ್ಲಿ ಪಳಗಿದ್ದವು. ಷಟ್ಪದಿ, ರಗಳೆಗಳ ಪಾಠ ಹೇಳಿದ ಅಧ್ಯಾಪಕನಿಗೆ ಸಹಜವಾಗಿ ಸಿಕ್ಕ ಆಸ್ತಿ ಅದು. ಜಗಳೂರಿನ ಹಳೆಯ ಕವಿಯಂತೆ ಹೊದಿಗೆರೆಯ ಈ ಕವಿಯೂ ಪದದೊಳಗೇ ತಾಳವನ್ನಿಟ್ಟು ಬರೆದವರು.

ಚಲನಚಿತ್ರದ ಲೋಕದಲ್ಲಿ ಈ ಕ್ರಮ ಬಹುಮಟ್ಟಿಗೆ ತಿರುಗುಮುರುಗು. ಭಾವಗೀತೆಯಲ್ಲಿ ಪದ ಮೊದಲು, ಧಾಟಿ ಆಮೇಲೆ. ಚಿತ್ರಗೀತೆಯಲ್ಲಿ ಅನೇಕ ವೇಳೆ ಧಾಟಿ ಮೊದಲು ಸಿದ್ಧವಾಗುತ್ತದೆ. ಕವಿ ಅದರ ಅಳತೆಗೆ ಮಾತನ್ನು ಕೂಡಿಸಬೇಕು. ಕಥೆಯ ಸಂದರ್ಭ, ಪಾತ್ರದ ವಯಸ್ಸು, ನಿರ್ಮಾಪಕರ ಅವಸರ ಎಲ್ಲವೂ ಅವನ ಬೆನ್ನ ಹಿಂದೆ ನಿಂತಿರುತ್ತವೆ. ಇದನ್ನು ಕೀಳು ಕೆಲಸವೆಂದು ಕಾಣುವುದು ನಮ್ಮ ಪಂಡಿತವರ್ಗದ ಹಳೆಯ ಚಾಳಿ. ಚಿ. ಉದಯಶಂಕರ್, ವಿಜಯನಾರಸಿಂಹ, ಆರ್. ಎನ್. ಜಯಗೋಪಾಲ್ ಮೊದಲಾದವರು ಈ ಕಟ್ಟಿನೊಳಗೇ ದಶಕಗಳ ಕಾಲ ತಿಳಿಗನ್ನಡವನ್ನು ಕಾಪಾಡಿದರು. ಜಿ. ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ವಿಜಯಭಾಸ್ಕರ್ ಅದಕ್ಕೆ ದನಿ ಕೊಟ್ಟರು. ಆಮೇಲೆ ಬಂದ ಹಂಸಲೇಖ ಪದವನ್ನೂ ಧಾಟಿಯನ್ನೂ ತಾವೇ ಕಟ್ಟಿದರು. ೧೯೮೭ರ 'ಪ್ರೇಮಲೋಕ' ಆ ಬಗೆಯ ದುಡಿಮೆಯ ಹೆಗ್ಗುರುತು.

ನಮ್ಮ ಇಬ್ಬರು ಕವಿಗಳಿಗೂ ಚಿತ್ರರಂಗದ ಸಂಪರ್ಕ ಒದಗಿತು. ಪುಟ್ಟಣ್ಣ ಕಣಗಾಲರು ೧೯೮೨ರ 'ಮಾನಸ ಸರೋವರ'ದಲ್ಲಿ ಶಿವರುದ್ರಪ್ಪನವರ ಕವಿತೆಗಳನ್ನು ಬಳಸಿಕೊಂಡರು. ರಾಗ ವಿಜಯಭಾಸ್ಕರ್ ಅವರದು. ೧೯೯೩ರಲ್ಲಿ ಟಿ. ಎಸ್. ನಾಗಾಭರಣರ 'ಚಿನ್ನಾರಿ ಮುತ್ತ'ಕ್ಕೆ ವೆಂಕಟೇಶಮೂರ್ತಿಯವರು ಹಾಡು ಬರೆದರು, ಅಶ್ವತ್ಥ್ ಸಂಗೀತ ಕೊಟ್ಟರು. ಹಳ್ಳಿಯಿಂದ ನಗರಕ್ಕೆ ಬಂದ ಹುಡುಗನೊಬ್ಬನ ಬೆರಗನ್ನೂ ನೋವನ್ನೂ ಹೇಳುವ ಆ ಹಾಡುಗಳು ಶಾಲೆಗಳ ವಾರ್ಷಿಕೋತ್ಸವಗಳನ್ನು ಸೇರಿ, ಚಿತ್ರವನ್ನು ನೋಡದ ಮಕ್ಕಳ ಬಾಯಿಗೂ ಬಂದವು. ಹೊದಿಗೆರೆಯಿಂದ ಬೆಂಗಳೂರಿಗೆ ಬಂದ ಕವಿಗೆ ಆ ಹುಡುಗನ ಕಣ್ಣು ಅಪರಿಚಿತವಾಗಿರಲಿಲ್ಲವೆಂದು ನನಗೆ ತೋರುತ್ತದೆ.

ಇಷ್ಟು ಜನಪ್ರಿಯವಾದ ಹಾಡುಗಳನ್ನು ಕಟ್ಟಿದವರು ಹಾಡಿನಿಂದ ಬದುಕಿದರೇ ಎಂದು ಕೇಳಿದರೆ ಉತ್ತರ ಸರಳವಾಗಿಲ್ಲ. ಕವಿಗಳಿಗೆ ಅನ್ನ ಕೊಟ್ಟದ್ದು ತರಗತಿ. ನಿಸಾರ್ ಅಹಮದರು ಭೂವಿಜ್ಞಾನದ ಪ್ರಾಧ್ಯಾಪಕರು. ಅಶ್ವತ್ಥ್ ಅವರೂ ಬಹುಕಾಲ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರರಾಗಿದ್ದುಕೊಂಡೇ ರಾಗ ಹಾಕಿದರು. ಚಿತ್ರಗೀತೆಯನ್ನೇ ವೃತ್ತಿಯಾಗಿ ನೆಚ್ಚಿದವರಿಗೆ ಹಾಡಿಗೆ ಇಷ್ಟು ಎಂದು ಒಂದೇ ಸಲ ಸಂಭಾವನೆ ಸಲ್ಲುತ್ತಿತ್ತು. ಆಮೇಲೆ ಹಾಡು ಎಷ್ಟು ವರ್ಷ ಮೊಳಗಿದರೂ ಲೆಕ್ಕ ಮುಗಿದಂತೆಯೇ. ನಿರ್ಮಾಪಕರು ಹಣಕೊಟ್ಟು ಬರೆಯಿಸಿದ ಹಾಡಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಅವರೇ ಮೊದಲ ಒಡೆಯರು ಎಂದು ಸರ್ವೋಚ್ಚ ನ್ಯಾಯಾಲಯ ೧೯೭೭ರಲ್ಲಿ ತೀರ್ಪಿತ್ತಿತು. ೨೦೧೨ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಸ್ಥಿತಿ ಬದಲಾಯಿತು. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು, ಉಳಿದ ಬಳಕೆಗಳಿಂದ ಬರುವ ಗೌರವಧನದಲ್ಲಿ ಪದ ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲುಂಟು. ಆ ಪಾಲನ್ನು ಅವರು ಬರೆದುಕೊಟ್ಟು ಕಳೆದುಕೊಳ್ಳುವಂತೆಯೂ ಇಲ್ಲ. ನ್ಯಾಯ ತಡವಾಗಿ ಬಂದಿತು. ಅದಕ್ಕೆ ಮೊದಲೇ ಅನೇಕರು ತೀರಿಹೋಗಿದ್ದರು.

ಹಣದ ಮಾತು ಹೀಗಾಯಿತು. ಹೆಸರಿನ ಮಾತನ್ನು ಕಾಯ್ದೆಯೊಂದೇ ನಡೆಸಿಕೊಡಲಾರದು. ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ೧೯೫೭ರ ಕಾಯ್ದೆಯಲ್ಲೇ ಕರ್ತೃವಿಗೆ ಸಿಕ್ಕಿದೆ. ಆದರೆ ಮದುವೆಯ ಮನೆಯಲ್ಲಿ, ಗಣೇಶೋತ್ಸವದ ಚಪ್ಪರದಲ್ಲಿ, ಕೈಯಲ್ಲಿ ಹಿಡಿದ ಮೊಬೈಲಿನಲ್ಲಿ ಹಾಡು ಹರಿಯುವಾಗ ಆ ಹಕ್ಕನ್ನು ನೆನೆಯುವವರು ಯಾರು? ಹಾಡು ಈಗ ನಾಯಕನಟನ ಹೆಸರಿನಿಂದ, ಗಾಯಕರ ಹೆಸರಿನಿಂದ, ಹೆಚ್ಚೆಂದರೆ ಚಿತ್ರದ ಹೆಸರಿನಿಂದ ಗುರುತಾಗುತ್ತದೆ. ಖಾಸಗಿ ದೂರದರ್ಶನ ವಾಹಿನಿಯೊಂದರ ಜನಪ್ರಿಯ ಗಾಯನಸ್ಪರ್ಧೆಯ ಹೆಸರೇ ಶಿವರುದ್ರಪ್ಪನವರ ಕವಿತೆಯೊಂದನ್ನು ನೆನಪಿಸುವಂಥದು. ಅದನ್ನು ವರ್ಷಗಟ್ಟಲೆ ನೋಡಿದ ಎಷ್ಟು ಮನೆಗಳಲ್ಲಿ ಆ ಕವಿಯ ಹೆಸರು ಬಂದಿತೋ ಹೇಳುವುದು ಕಷ್ಟ. ಅಂಕಿತವಿದ್ದ ಕಾಲದಲ್ಲಿ ಹಾಡೇ ಕರ್ತೃವನ್ನು ಹೊತ್ತು ತಿರುಗುತ್ತಿತ್ತು. ಅಂಕಿತ ಹೋದಮೇಲೆ ಬಾನುಲಿಯ ಉದ್ಘೋಷಕರು ಆ ಹೊಣೆಯನ್ನು ಹೊತ್ತರು. ಆ ದನಿಯೂ ಕೇಳಿಸದ ಕಡೆಗಳಲ್ಲಿ ಇಂದಿನ ಕವಿ, ಸಂಯೋಜಕರು ಸೂರಗೊಂಡನಕೊಪ್ಪದ ಆ ಹೆಸರಿಲ್ಲದ ಹಾಡುಗಾರ್ತಿಯರ ಸಾಲಿಗೆ ಸೇರುತ್ತಿದ್ದಾರೆ. ಅವಳ ಹೆಸರನ್ನು ಬರೆದಿಡುವ ಸಾಧನ ಅಂದಿನವರ ಬಳಿ ಇರಲಿಲ್ಲ. ನಮಗೆ ಆ ನೆಪವಿಲ್ಲ.

ಆದಕಾರಣ ಕೇಳುಗರಲ್ಲಿ ನನ್ನದೊಂದು ಸಣ್ಣ ಬೇಡಿಕೆ. ನಿಮ್ಮೂರಿನ ಶಾಲೆಯಲ್ಲಿ, ಸಂಘದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಯಾರಾದರೂ ಹಾಡಲು ನಿಂತಾಗ ಆಕಾಶವಾಣಿಯ ಹಳೆಯ ಪದ್ಧತಿಯನ್ನೇ ಅನುಸರಿಸಿ: ರಚನೆ ಯಾರದು, ರಾಗಸಂಯೋಜನೆ ಯಾರದು ಎಂದು ಮೊದಲು ಹೇಳಿಸಿ. ತಾಂಡಾದ ಅಜ್ಜಿಯೊಬ್ಬಳು ಹಾಡಿದರೆ ಅವಳ ಹೆಸರನ್ನೂ ಅವಳಿಗೆ ಕಲಿಸಿದವಳ ಹೆಸರನ್ನೂ ಕೇಳಿ ಬರೆದಿಡಿ. ಚನ್ನಗಿರಿಯ ಮಗು ತನ್ನ ನೆರೆಯ ಹಳ್ಳಿಯ ಕವಿಯ ಹಾಡನ್ನು ಅವನ ಹೆಸರು ಹೇಳಿಯೇ ಹಾಡುವಂತಾಗಲಿ. ಅದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

(ಬಾನುಲಿ ಭಾಷಣದ ಬರಹರೂಪ)