ಬಿಡಾರ ಬದಲಿಸುವ ಯಂತ್ರಗಳು

ಮಗರಪಟ್ಟಾ ಇಂದು ಗಾಜಿನ ಕಟ್ಟಡಗಳ ನಗರ. ಹಡಪ್ಸರದ ಈ ನೆಲ ಕಬ್ಬಿನ ಗದ್ದೆಯಾಗಿದ್ದುದನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಯಷ್ಟು ಜಮೀನನ್ನು ಹೊರಗಿನವರಿಗೆ ಮಾರಲಿಲ್ಲ. ಸತೀಶ ಮಗರ ಅವರ ಮುಂದಾಳುತನದಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ, ತಾವೇ ಕಂಪನಿ ಕಟ್ಟಿ, ಜಮೀನಿಗೆ ತಕ್ಕ ಪಾಲು ಪಡೆದರು. ನೆಲ ಅದೇ ಉಳಿಯಿತು, ಅದರ ಮೇಲಿನ ಬಾಳು ಬದಲಾಯಿತು.

ಇಲ್ಲಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಕೆಲವು ಶನಿವಾರ ಇಡೀ ರಾತ್ರಿ ನಿದ್ದೆಗೆಡುತ್ತಾರೆ. ಧಾರವಾಡದಿಂದ ಬಂದ ಅಜ್ಜಿಯೊಬ್ಬರು ಮೊಮ್ಮಗನನ್ನು ಕೇಳಿದರಂತೆ: “ಇಷ್ಟು ರಾತ್ರ್ಯಾಗ ಏನ್ ಕೆಲಸನೋ ತಮ್ಮಾ?” ಅವನೆಂದ: “ಮನಿ ಬದಲಿ ಮಾಡ್ಲಿಕ್ಕತ್ತೇವಿ ಅಜ್ಜಿ. ಮಂದೀದಲ್ಲ, ಮಷೀನಿಂದು.”

ಈ ಮಾತು ತಮಾಷೆಯಲ್ಲ. ಪುಣೆಯ ಹಳೆಯ ವಾಡೆಯನ್ನು ನೆನೆಯಿರಿ. ಮಾಡು ಒಂದೇ, ಒಳಗೆ ಹಲವು ಬಿಡಾರ, ಬಿಡಾರಕ್ಕೊಂದು ಒಲೆ. ವರ್ಚುವಲ್ ಮಷೀನ್ ಎಂದರೆ ಇಂಥದೊಂದು ಬಿಡಾರ. ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳು ತಮ್ಮಷ್ಟಕ್ಕೆ ತಾವು ಸಂಸಾರ ನಡೆಸುತ್ತವೆ. ಯಾರಿಗೆ ಎಷ್ಟು ಜಾಗ, ಎಷ್ಟು ಹೊತ್ತು ಎಂದು ಹಂಚುವ ವಾಡೆಯ ಕಾರಭಾರಿಯೂ ಒಂದು ತಂತ್ರಾಂಶವೇ.

ಈ ಕಲ್ಪನೆ ಹೊಸದೇನಲ್ಲ. 1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಕೋಣೆ ತುಂಬುವ, ಬಹಳ ದುಬಾರಿಯಾದ ಯಂತ್ರ. ಅದನ್ನು ಹಲವರು ಏಕಕಾಲಕ್ಕೆ ಬಳಸುವ ಬಗೆಯೆಂತು? ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಒಂದೇ ಯಂತ್ರ ಹಲವಾಗಿ ತೋರುವಂತೆ ಮಾಡಿದರು. 1972ರಲ್ಲಿ ಆ ವಿದ್ಯೆ ವಿಎಂ/370 ಎಂಬ ಹೆಸರಿನಿಂದ ಗ್ರಾಹಕರಿಗೆ ದೊರೆಯಿತು. ಮುಂದೆ ಅಗ್ಗದ ಸಣ್ಣ ಯಂತ್ರಗಳು ಬಂದವು, ಕೆಲಸಕ್ಕೊಂದು ಯಂತ್ರವೆಂಬುದು ರೂಢಿಯಾಯಿತು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಈ ಸಣ್ಣ ಯಂತ್ರಗಳಲ್ಲೂ ವಾಡೆ ಕಟ್ಟಬಹುದೆಂದು ತೋರಿಸಿತು.

ಮನೆ ಬೇರೆ, ಸಂಸಾರ ಬೇರೆ ಎಂದಾದ ಮೇಲೆ ಸಂಸಾರವನ್ನು ಹೊತ್ತೊಯ್ಯಬಹುದಲ್ಲವೆ? 2003ರಲ್ಲಿ ಅದೇ ಕಂಪನಿ, ನಡೆಯುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಸಾಗಿಸುವ ಸೌಕರ್ಯ ತಂದಿತು. ಇದರ ಗುಟ್ಟು ಸರಳ. ಮೊದಲು ನೆನಪಿನಲ್ಲಿರುವುದನ್ನೆಲ್ಲ ಹೊಸ ಕಡೆಗೆ ನಕಲು ಮಾಡುವುದು, ಅಷ್ಟರಲ್ಲಿ ಬದಲಾದುದನ್ನು ಮತ್ತೊಮ್ಮೆ ನಕಲು ಮಾಡುವುದು. ಉಳಿದದ್ದು ತೀರ ಕಡಿಮೆಯಾದಾಗ ಕ್ಷಣ ಮಾತ್ರ ನಿಲ್ಲಿಸಿ, ಹೊಸ ಜಾಗದಲ್ಲಿ ಎಬ್ಬಿಸುವುದು. 2005ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ನಿಲುಗಡೆಯನ್ನು ಸೆಕೆಂಡಿನ ನೂರರಲ್ಲಿ ಆರು ಪಾಲಿಗೆ ಇಳಿಸಿ ತೋರಿಸಿದರು.

ಆದರೆ ಹೊಸ ಮನೆಯ ಕಾರಭಾರಿಯೇ ಬೇರೆಯಾದರೆ? ಮೈಕ್ರೋಸಾಫ್ಟ್ 2008ರಲ್ಲಿ ಹೈಪರ್-ವಿ ಎಂಬ ತನ್ನ ಕಾರಭಾರಿಯನ್ನು ತಂದಿತು. ವಿಂಡೋಸ್ ಸರ್ವರ್ 2012ರಿಂದ 2012 ಆರ್2ಗೆ ಯಂತ್ರವನ್ನು ನಿಲ್ಲಿಸದೆ ಸಾಗಿಸಬಹುದಿತ್ತು, ಆದರೆ ಅದೇ ರೀತಿ ಹಿಂದಕ್ಕೆ ತರುವಂತಿರಲಿಲ್ಲ. ಹಾಗೆಂದು ಹಳೆಯ ಮನೆಯಲ್ಲಿಯೇ ಕುಳಿತಿರುವಂತೆಯೂ ಇಲ್ಲ. ಈ ಎರಡಕ್ಕೂ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಅಲ್ಲಿಂದಾಚೆಗೆ ಮಾಡು ಸೋರಿದರೆ, ಎಂದಿನಂತೆ ರಿಪೇರಿ ಇಲ್ಲ.

2016ರ ಆವೃತ್ತಿ ಒಂದು ಜಾಣತನ ಕಲಿಯಿತು. 2012 ಆರ್2ನಿಂದ ಹೊಸ ಮನೆಗೆ ಬಂದ ಯಂತ್ರ ತನ್ನ ಹಳೆಯ ವಿನ್ಯಾಸದ ಸಂಖ್ಯೆಯಾದ 5.0 ಅನ್ನೇ ಇಟ್ಟುಕೊಂಡು ಬಾಳಬಹುದು. ಅಲ್ಲಿಯವರೆಗೆ ಮರಳುವ ಬಾಗಿಲು ತೆರೆದೇ ಇರುತ್ತದೆ. ಎಲ್ಲವೂ ಸರಿಯೆಂದು ಮನವರಿಕೆಯಾದ ಮೇಲೆ ಯಂತ್ರವನ್ನು ನಿಲ್ಲಿಸಿ, ಆಜ್ಞೆ ಕೊಟ್ಟು, 8.0ಕ್ಕೆ ಏರಿಸಬೇಕು. ಆಮೇಲೆ ಹಿಂದಿರುಗುವಂತಿಲ್ಲ. ಆ ಗುಂಡಿ ಒತ್ತುವ ಮುನ್ನ ಹಿಂಜರಿಯದ ಕೈ ಅಪರೂಪ. ಒಳಗಿರುವುದು ಒಂದು ಬ್ಯಾಂಕಿನ ಲೆಕ್ಕವಿರಬಹುದು, ಆಸ್ಪತ್ರೆಯ ದಾಖಲೆಯಿರಬಹುದು.

ಇನ್ನೊಂದು ಮಾತನ್ನು ಮರೆಯಬಾರದು. ಮನೆ ಹೊಸದಾದ ಮಾತ್ರಕ್ಕೆ ಸಂಸಾರ ಹೊಸದಾಗುವುದಿಲ್ಲ. ಬಿಡಾರದೊಳಗಿನ ಕಾರ್ಯವ್ಯವಸ್ಥೆ ಹಳೆಯದಾಗಿದ್ದರೆ ಅದರ ಅಪಾಯಗಳೂ ಅದರೊಡನೆಯೇ ಬರುತ್ತವೆ. ಅದನ್ನು ಬೇರೆಯಾಗಿಯೇ ಹೊಸದು ಮಾಡಬೇಕು.

ಟ್ರಂಕು ಹೊತ್ತು ಪುಣೆ ಸ್ಟೇಷನ್ನಿನಲ್ಲಿ ಇಳಿದ ನಮ್ಮ ಹಿರಿಯರಿಗೆ ಇವೆಲ್ಲ ಹೊಸ ಪಾಠಗಳಲ್ಲ. ಅವರೂ ಊರಿನ ಮನೆಯ ಬೀಗದ ಕೈಯನ್ನು ಬಹುಕಾಲ ಜೋಪಾನವಾಗಿ ಇಟ್ಟುಕೊಂಡಿದ್ದರು. ಇಲ್ಲಿ ಒಲೆ ಹೊತ್ತಿ, ಮಕ್ಕಳು ಶಾಲೆಗೆ ಸೇರಿದ ಮೇಲೆಯೇ ಅದನ್ನು ತಮ್ಮಂದಿರ ಕೈಗೆ ಕೊಟ್ಟರು. ಭಾಷೆಯನ್ನು ಮಾತ್ರ ಯಾರಿಗೂ ಕೊಟ್ಟುಬಿಡಲಿಲ್ಲ. ಮೊಮ್ಮಗನ ಉತ್ತರ ಕೇಳಿದ ಆ ಅಜ್ಜಿ ಹೇಳಿದ್ದಿಷ್ಟೆ: “ಏನೂ ಬಿಟ್ಟು ಬರಬ್ಯಾಡ್ರೆಪಾ, ಎಣಿಸಿ ನೋಡ್ರಿ.” ಶನಿವಾರದ ರಾತ್ರಿ ಅವನು ಮಾಡುವುದೂ ಅದನ್ನೇ.