ಡಿಸ್ಕಿಲ್ಲದ ಕಂಪ್ಯೂಟರಿಗೆ ಜಾಲದಿಂದ ಜೀವ

ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರಿನ ಗುಂಡಿ ಒತ್ತಿದಾಗ ಅದಕ್ಕೆ ತನ್ನ ಬಗ್ಗೆ ಗೊತ್ತಿರುವುದು ಒಂದೇ ಸಂಗತಿ: ನೆಟ್‌ವರ್ಕ್ ಕಾರ್ಡಿನಲ್ಲಿ ಕಾರ್ಖಾನೆಯವರು ಬರೆದಿಟ್ಟ ಆರು ಬೈಟ್‌ಗಳ ಮ್ಯಾಕ್ ವಿಳಾಸ. ತನ್ನ ಐಪಿ ವಿಳಾಸ ಯಾವುದು, ಆಪರೇಟಿಂಗ್ ಸಿಸ್ಟಂ ಎಲ್ಲಿದೆ, ಯಾರನ್ನು ಕೇಳಬೇಕು ಎಂಬುದೊಂದೂ ಅದಕ್ಕೆ ತಿಳಿಯದು. ಅಲ್ಲಿಂದ ಹೊರಟು ಪೂರ್ತಿ ಡೆಸ್ಕ್‌ಟಾಪ್ ತೆರೆಯುವವರೆಗಿನ ದಾರಿಯನ್ನು ಎಂಜಿನಿಯರುಗಳು ಐದು ದಶಕಗಳಿಂದ ಕಟ್ಟುತ್ತ, ತಿದ್ದುತ್ತ ಬಂದಿದ್ದಾರೆ. ಡಿಸ್ಕ್ ದುಬಾರಿಯಾಗಿದ್ದ ಕಾಲದಲ್ಲಿ ಹುಟ್ಟಿದ ಈ ಪದ್ಧತಿ, ಡಿಸ್ಕ್ ಅಗ್ಗವಾದ ಮೇಲೂ ಸಾಯಲಿಲ್ಲ. ಅದರ ನಿಜವಾದ ಬಲ ಉಳಿತಾಯದ ಹಣದಲ್ಲಿರಲಿಲ್ಲ, ನಿರ್ವಹಣೆಯಲ್ಲಿತ್ತು.

ಮೊದಲ ಹೆಜ್ಜೆಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಗುತ್ತವೆ. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ತಯಾರಾದ ಆಲ್ಟೊ ಯಂತ್ರಕ್ಕೆ ಸ್ವಂತ ಡಿಸ್ಕ್ ಇತ್ತು. ಅದು ಬೇಡವೆಂದರೆ ಈಥರ್ನೆಟ್ ಮೂಲಕವೂ ಬೂಟ್ ಮಾಡಬಹುದಿತ್ತು. ಆಗಿನ ಕ್ರಮ ಇಂದಿಗಿಂತ ಬೇರೆ. ಆಲ್ಟೊ ಯಾರನ್ನೂ ಕೇಳುತ್ತಿರಲಿಲ್ಲ. ಪುಟ್ಟ ಲೋಡರ್ ಅಡಗಿಸಿಟ್ಟ ಒಂದು ಪ್ಯಾಕೆಟನ್ನು ಬೂಟ್ ಸರ್ವರ್ ಆಗಾಗ ಜಾಲದ ತುಂಬ ಸಾರುತ್ತಿತ್ತು, ಎಚ್ಚರಗೊಳ್ಳಬೇಕಾದ ಯಂತ್ರ ಅದಕ್ಕಾಗಿ ಕಿವಿಗೊಟ್ಟು ಕಾಯುತ್ತಿತ್ತು. ಅಲ್ಲಿನವರು ಆ ಪ್ಯಾಕೆಟಿಗೆ ‘ಬ್ರೆತ್ ಆಫ್ ಲೈಫ್’ ಎಂದೇ ಹೆಸರಿಟ್ಟಿದ್ದರು.

ಎಂಬತ್ತರ ದಶಕದಲ್ಲಿ ಕತೆ ಪ್ರಯೋಗಶಾಲೆ ದಾಟಿ ಮಾರುಕಟ್ಟೆಗೆ ಬಂತು. 1982ರಲ್ಲಿ ಶುರುವಾದ ಸನ್ ಮೈಕ್ರೋಸಿಸ್ಟಮ್ಸ್ ತನ್ನ ಸನ್-3/50ರಂಥ ವರ್ಕ್‌ಸ್ಟೇಷನ್‌ಗಳನ್ನು ಡಿಸ್ಕ್ ಇಲ್ಲದೆಯೇ ಮಾರಿತು. ಒಂದು ದೊಡ್ಡ ಸರ್ವರ್, ಅದರ ಸುತ್ತ ಡಿಸ್ಕಿಲ್ಲದ ಹಲವು ಯಂತ್ರಗಳು. ಕಡತಗಳಷ್ಟೇ ಅಲ್ಲ, ಮೆಮೊರಿ ಸಾಲದಾದಾಗ ಬೇಕಾಗುವ ಸ್ವ್ಯಾಪ್ ಜಾಗವೂ ಸರ್ವರಿನಲ್ಲೇ. ಸರ್ವರಿನ ಕಡತಗಳನ್ನು ಜಾಲದ ಮೂಲಕ ಬಳಸಲು ಸನ್ ರೂಪಿಸಿದ ಎನ್‌ಎಫ್‌ಎಸ್ ಇದಕ್ಕೆಲ್ಲ ಬೆನ್ನೆಲುಬಾಯಿತು.

ಆದರೆ ಎನ್‌ಎಫ್‌ಎಸ್ ಕೆಲಸಕ್ಕೆ ಬರುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಎದ್ದು ಕೂತ ಮೇಲೆ. ಅದಕ್ಕೂ ಮುಂಚಿನ ಕೆಲಸಕ್ಕೆ ಅಡಿಪಾಯ ಹಾಕಿದ್ದು ಮೂರು ದಾಖಲೆಗಳು. 1981ರಲ್ಲಿ ಬಂದ ಟಿಎಫ್‌ಟಿಪಿ, ರಾಮ್ (ROM) ಚಿಪ್ಪಿನ ಇಕ್ಕಟ್ಟಿನಲ್ಲೂ ತುರುಕಬಹುದಾದಷ್ಟು ಸರಳವಾದ ಕಡತ ಸಾಗಣೆಯ ಕ್ರಮ: 512 ಬೈಟ್ ಕಳಿಸು, ತಲುಪಿತೆಂಬ ಉತ್ತರಕ್ಕೆ ಕಾಯು, ಮುಂದಿನ 512 ಕಳಿಸು. ಪಾಸ್‌ವರ್ಡ್ ಇಲ್ಲ, ಯಾವ ತಪಾಸಣೆಯೂ ಇಲ್ಲ. 1984ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಆರ್‌ಎಆರ್‌ಪಿ, ಮ್ಯಾಕ್ ವಿಳಾಸ ಹೇಳಿದರೆ ಐಪಿ ವಿಳಾಸ ಕೊಡುತ್ತಿತ್ತು. ಆದರೆ ಅಷ್ಟನ್ನೇ ಕೊಡುತ್ತಿತ್ತು, ಅದೂ ರೌಟರ್ ದಾಟಲಾರದೆ. ಮರುವರ್ಷವೇ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್‌ಮೋರ್ ಬೂಟ್‌ಪಿ ಬರೆದು ಆ ಕೊರತೆ ತುಂಬಿದರು. ಐಪಿ ವಿಳಾಸ, ಸರ್ವರಿನ ವಿಳಾಸ, ತರಬೇಕಾದ ಕಡತದ ಹೆಸರು ಮೂರೂ ಒಂದೇ ಉತ್ತರದಲ್ಲಿ ಸಿಗುವಂತಾಯಿತು. ಇಂದಿಗೂ ಲ್ಯಾಬುಗಳಲ್ಲಿ ನಡೆಯುವುದು ಬಹುಪಾಲು ಇದೇ ಸಂಭಾಷಣೆ.

ಡಿಸ್ಕಿಲ್ಲದ ಯಂತ್ರಗಳೆಲ್ಲ ಸೇರಿ ಜಾಲವನ್ನು ಉಸಿರುಗಟ್ಟಿಸುತ್ತವೆ ಎಂಬ ಆತಂಕ ಆಗ ವ್ಯಾಪಕವಾಗಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಲಜೊವ್ಸ್ಕಾ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. 10 ಮೆಗಾಬಿಟ್‌ನ ಈಥರ್ನೆಟ್‌ಗೆ ಆ ಭಾರ ಹೊರುವ ಶಕ್ತಿ ಇತ್ತು. ಮೊದಲು ಸುಸ್ತಾಗುತ್ತಿದ್ದುದು ಸರ್ವರಿನ ಪ್ರೊಸೆಸರ್.

ಪಿಸಿಗಳ ಲೋಕದಲ್ಲಿ ಇಷ್ಟು ಶಿಸ್ತಿರಲಿಲ್ಲ. ಐಬಿಎಂನದು ಒಂದು ದಾರಿ, ನಾವೆಲ್ ನೆಟ್‌ವೇರ್‌ನದು ಇನ್ನೊಂದು. ಕಾರ್ಡಿನ ಮೇಲಿನ ಖಾಲಿ ಸಾಕೆಟ್ಟಿಗೆ ಬೂಟ್ ರಾಮ್ ಚಿಪ್ ಕೂರಿಸಬೇಕು, ಆ ಚಿಪ್ ಅದೇ ಕಾರ್ಡಿಗೆ ಹೊಂದಬೇಕು. ತೊಂಬತ್ತರ ದಶಕದಲ್ಲಿ ಬೂಟ್‌ಪಿಯನ್ನೇ ಹಿಗ್ಗಿಸಿ ಡಿಎಚ್‌ಸಿಪಿ ಬಂತು. 1999ರಲ್ಲಿ ಇಂಟೆಲ್ ಜಾಲದಿಂದ ಬೂಟ್ ಆಗುವ ಕ್ರಮಕ್ಕೆ ಪಿಎಕ್ಸ್‌ಇ 2.1 ಎಂಬ ನಿರ್ದಿಷ್ಟತೆಯನ್ನು ಹೊರತಂದ ಮೇಲೆ ಚಿಪ್ ಹುಡುಕುವ ಗೋಳು ಕ್ರಮೇಣ ಮರೆಯಾಯಿತು. ಬಯೋಸ್ ಪಟ್ಟಿಯಲ್ಲಿ ‘ನೆಟ್‌ವರ್ಕ್ ಬೂಟ್’ ಎಂಬ ಸಾಲು ಮಾಮೂಲಾದದ್ದು ಇದರಿಂದಲೇ. ಈ ಇಡೀ ಇತಿಹಾಸದಲ್ಲಿ ಸಾಮಾನ್ಯ ಲ್ಯಾಬುಗಳಿಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ ಘಟ್ಟ ಇದು.

ಲಿನಕ್ಸ್ ಸರ್ವರೊಂದನ್ನು ಪಿಎಕ್ಸ್‌ಇ ಬೂಟ್‌ಗೆ ಸಜ್ಜುಗೊಳಿಸಿದಾಗ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಯಂತ್ರ ‘ನಾನೊಂದು ಪಿಎಕ್ಸ್‌ಇ ಕ್ಲೈಂಟ್’ ಎಂದು ಗುರುತು ಹೇಳಿ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ವಿಳಾಸವನ್ನೂ ಬೂಟ್ ಕಡತದ ಹೆಸರನ್ನೂ ಕೊಡುತ್ತದೆ. ಯಂತ್ರ ಟಿಎಫ್‌ಟಿಪಿಯಿಂದ ಪಿಎಕ್ಸ್‌ಇಲಿನಕ್ಸ್ ಎಂಬ ಲೋಡರನ್ನು ಇಳಿಸಿಕೊಳ್ಳುತ್ತದೆ. ಎಚ್. ಪೀಟರ್ ಆನ್ವಿನ್ ಬರೆದ ಈ ಲೋಡರ್ ತನಗೆ ಬೇಕಾದ ಸಂರಚನಾ ಕಡತ ಹುಡುಕುವ ರೀತಿ ಸೊಗಸಾಗಿದೆ. ಮ್ಯಾಕ್ ವಿಳಾಸದ ಹೆಸರಿನ ಕಡತ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಐಪಿ ವಿಳಾಸವನ್ನು ಎಂಟು ಹೆಕ್ಸ್ ಅಂಕಿಗಳಲ್ಲಿ ಬರೆದುಕೊಂಡು ಆ ಹೆಸರಿನದನ್ನು ಕೇಳುತ್ತದೆ. ಅದೂ ಇಲ್ಲವೇ? ಕೊನೆಯಿಂದ ಒಂದೊಂದೇ ಅಂಕಿ ಕಳಚುತ್ತ ಕೇಳುತ್ತ ಹೋಗಿ, ಏನೂ ಸಿಗದಿದ್ದರೆ ‘ಡಿಫಾಲ್ಟ್’ ಎಂಬ ಕಡತಕ್ಕೆ ಬಂದು ನಿಲ್ಲುತ್ತದೆ. ಇದರಿಂದಾಗಿ ಒಂದು ಯಂತ್ರಕ್ಕೊಂದು ವ್ಯವಸ್ಥೆ, ಒಂದು ಸಾಲಿಗೊಂದು ವ್ಯವಸ್ಥೆ, ಇಡೀ ಕೋಣೆಗೊಂದು ವ್ಯವಸ್ಥೆ ಮಾಡುವುದಕ್ಕೆ ಕಡತಗಳ ಹೆಸರಷ್ಟೇ ಸಾಕು. ಆಮೇಲೆ ಕರ್ನಲ್ ಮತ್ತು ಅದರ ಆರಂಭಕ್ಕೆ ಬೇಕಾದ ಕಡತಗಳ ಕಟ್ಟಾದ ಇನಿಟ್‌ಆರ್‌ಡಿ ಇಳಿಯುತ್ತವೆ, ಎನ್‌ಎಫ್‌ಎಸ್ ಮೂಲಕ ರೂಟ್ ಫೈಲ್‌ಸಿಸ್ಟಂ ಜೋಡಣೆಯಾಗುತ್ತದೆ, ಲಾಗಿನ್ ಪರದೆ ತೆರೆಯುತ್ತದೆ.

ಈ ಅನುಕೂಲವನ್ನು ಶಾಲೆಗಳಿಗೆ ಮುಟ್ಟಿಸಿದ್ದು ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಅಂದರೆ ಎಲ್‌ಟಿಎಸ್‌ಪಿ. 1999ರಲ್ಲಿ ಜಿಮ್ ಮೆಕ್ವಿಲನ್ ಶುರುಮಾಡಿದ ಈ ಯೋಜನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಪಿಸಿಗಳಿಗೂ ಕೆಲಸ ಸಿಕ್ಕಿತು: ಪ್ರೋಗ್ರಾಂಗಳು ಓಡುವುದು ಸರ್ವರಿನಲ್ಲಿ, ಪರದೆ ಮತ್ತು ಕೀಲಿಮಣೆ ಮಾತ್ರ ವಿದ್ಯಾರ್ಥಿಯ ಮುಂದೆ. ವಿಡಿಯೊ ಮತ್ತು ಭಾರದ ಬ್ರೌಸರುಗಳು ಬಂದ ಮೇಲೆ ಈ ತೆಳು ಟರ್ಮಿನಲ್ ಮಾದರಿ ಏದುಸಿರುಬಿಟ್ಟಿತು. ಅಷ್ಟರಲ್ಲಿ ಮೇಜಿನ ಮೇಲಿನ ಯಂತ್ರಗಳೂ ಬಲಿತಿದ್ದವು. ಹಾಗಾಗಿ ಸರ್ವರಿನಿಂದ ಬೂಟ್ ಆಗಿ ತನ್ನದೇ ಪ್ರೊಸೆಸರಿನಲ್ಲಿ ಕೆಲಸ ಮಾಡುವ ‘ಫ್ಯಾಟ್ ಕ್ಲೈಂಟ್’ ಮುನ್ನೆಲೆಗೆ ಬಂತು. 2019ರಲ್ಲಿ ಅಲ್ಕಿಸ್ ಜಾರ್ಜೊಪೌಲಸ್ ಎಲ್‌ಟಿಎಸ್‌ಪಿಯನ್ನು ಹೊಸದಾಗಿ ಬರೆದಾಗ ಒತ್ತು ಬಿದ್ದದ್ದೂ ಈ ಮಾದರಿಗೇ. ಶಿಕ್ಷಕರು ಒಂದು ಇಮೇಜಿನಲ್ಲಿ ತಂತ್ರಾಂಶ ಹಾಕಿದರೆ, ಮುಂದಿನ ಸಲ ಆನ್ ಮಾಡಿದಾಗ ಅದು ಎಲ್ಲ ಯಂತ್ರಗಳಲ್ಲೂ ಇರುತ್ತದೆ.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಕರ್ನಲ್ ಮತ್ತು ಇನಿಟ್‌ಆರ್‌ಡಿ ಸೇರಿ 50 ಎಂಬಿ ಇದ್ದು, ತರಗತಿ ಶುರುವಾಗುವ ಹೊತ್ತಿಗೆ 40 ಯಂತ್ರಗಳನ್ನು ಒಟ್ಟಿಗೆ ಆನ್ ಮಾಡಿದರೆ ಸರ್ವರ್ 2,000 ಎಂಬಿ ಕಳಿಸಬೇಕು. 100 ಮೆಗಾಬಿಟ್ ತಂತಿಯಲ್ಲಿ ಇದಕ್ಕೆ ಎರಡೂವರೆ ನಿಮಿಷ ಮೀರುತ್ತದೆ. ಗಿಗಾಬಿಟ್ ಇದ್ದರೆ 20 ಸೆಕೆಂಡಿನೊಳಗೆ ಮುಗಿಯಬಹುದು. ಟಿಎಫ್‌ಟಿಪಿಯ 512 ಬೈಟ್ ಕಂತುಗಳಲ್ಲಿ 50 ಎಂಬಿ ಎಂದರೆ ಪ್ರತಿ ಯಂತ್ರಕ್ಕೂ ಸುಮಾರು ಒಂದು ಲಕ್ಷ ಪ್ಯಾಕೆಟ್, ಪ್ರತಿಯೊಂದಕ್ಕೂ ಕಾಯುವಿಕೆ. ಮೂಲ ಕ್ರಮದಲ್ಲಿ ಕಂತಿನ ಸಂಖ್ಯೆಗೆ 16 ಬಿಟ್ ಮಾತ್ರ ಇರುವುದರಿಂದ 32 ಎಂಬಿ ದಾಟಿದ ಕಡತಕ್ಕೆ ಎಣಿಕೆಯೇ ಮುಗಿದುಹೋಗುತ್ತದೆ. ದೊಡ್ಡ ಕಂತುಗಳಿಗೆ ಅವಕಾಶ ಕೊಟ್ಟ ವಿಸ್ತರಣೆ ಇದನ್ನು ಸಡಿಲಿಸಿತು. 2010ರಲ್ಲಿ ಬಂದ ಐಪಿಎಕ್ಸ್‌ಇ ಇನ್ನೂ ಮುಂದೆ ಹೋಗಿ, ಎಚ್‌ಟಿಟಿಪಿ ಮೂಲಕವೇ ಕಡತ ತರುವ ಲೋಡರನ್ನು ಜನಪ್ರಿಯಗೊಳಿಸಿತು.

ವೇಗದ ತೊಡಕು ಬಗೆಹರಿದಷ್ಟು ಸುಲಭವಾಗಿ ನಂಬಿಕೆಯದು ಬಗೆಹರಿದಿಲ್ಲ. ಮೊದಲು ಉತ್ತರಿಸಿದವನನ್ನೇ ಯಂತ್ರ ಸರ್ವರ್ ಎಂದು ಒಪ್ಪಿಕೊಳ್ಳುತ್ತದೆ. ಲ್ಯಾಬಿನೊಳಗೆ ಯಾರೋ ಇನ್ನೊಂದು ಡಿಎಚ್‌ಸಿಪಿ ಸರ್ವರ್ ಇಟ್ಟರೆ ಯಂತ್ರಗಳು ಅವರ ಕೈವಶ. ನಂಬಿದ ಸಹಿ ಇರುವ ಕಡತವನ್ನಷ್ಟೇ ಓಡಿಸುವ ಸೆಕ್ಯೂರ್ ಬೂಟ್ ಇದಕ್ಕೆ ಅರ್ಧ ಉತ್ತರ. ಬಯೋಸ್‌ನ ಜಾಗ ಹಿಡಿದ ಯುಇಎಫ್‌ಐ ಫರ್ಮ್‌ವೇರಿನ 2015ರ 2.5 ಆವೃತ್ತಿಯಲ್ಲಿ ಬಂದ ಎಚ್‌ಟಿಟಿಪಿ ಬೂಟ್ ಇನ್ನೊಂದು ದಾರಿ ತೆರೆಯಿತು. ಆದರೂ ಜನವರಿ 2024ರಲ್ಲಿ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆ ಯುಇಎಫ್‌ಐನ ಮುಕ್ತ ಆಕರ ಅಳವಡಿಕೆಯ ನೆಟ್‌ವರ್ಕ್ ಭಾಗದಲ್ಲಿ ಒಂಬತ್ತು ದೋಷಗಳನ್ನು ಬಯಲಿಗೆಳೆದು, ಅವಕ್ಕೆ ‘ಪಿಕ್ಸಿಫೇಲ್’ ಎಂದು ಹೆಸರಿಟ್ಟಿತು. ಆಪರೇಟಿಂಗ್ ಸಿಸ್ಟಂ ಏಳುವ ಮುನ್ನವೇ ದಾಳಿಗೆ ಎಡೆ ಮಾಡಿಕೊಡಬಲ್ಲ ದೋಷಗಳೂ ಅವುಗಳಲ್ಲಿದ್ದವು. ಬೂಟ್ ಜಾಲವನ್ನು ಉಳಿದ ಸಂಚಾರದಿಂದ ಪ್ರತ್ಯೇಕ ವಿಲ್ಯಾನ್‌ನಲ್ಲಿ ಇಡುವುದು, ಸ್ವಿಚ್ಚಿನಲ್ಲಿ ನಕಲಿ ಸರ್ವರುಗಳ ಉತ್ತರ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಚಾಲೂ ಮಾಡುವುದು, ಫರ್ಮ್‌ವೇರ್ ಅಪ್‌ಡೇಟ್ ತಪ್ಪಿಸದಿರುವುದು ಈಗ ಲ್ಯಾಬ್ ನೋಡಿಕೊಳ್ಳುವವರ ಕೆಲಸದ ಭಾಗವೇ ಆಗಿದೆ. ಹಳೆಯ ಬಯೋಸ್ ಯಂತ್ರವೂ ಹೊಸ ಯುಇಎಫ್‌ಐ ಯಂತ್ರವೂ ಅಕ್ಕಪಕ್ಕ ಇರುವ ಕೋಣೆಗಳಲ್ಲಿ, ಕೇಳಿದ್ದು ಯಾವ ಬಗೆಯ ಯಂತ್ರವೆಂದು ಡಿಎಚ್‌ಸಿಪಿಯ 93ನೇ ಆಯ್ಕೆ ನೋಡಿ ತಿಳಿದು, ತಕ್ಕ ಕಡತವನ್ನು ಕೊಡುವ ಕೆಲಸವೂ ಡಿಎಚ್‌ಸಿಪಿ ಸರ್ವರಿನ ಪಾಲಿಗಿದೆ.